ಕೊನೆಯ ಇಪ್ಪತ್ತು ಸೆಕೆಂಡು

೭ ಮಾರ್ಚ್ ೧೯೬೬, ಸೋಮವಾರ

ಬೆಳಗಿನ ಜಾವ ಮತ್ತೆ ಅದೇ ಕನಸು. ರೆಕಾರ್ಡಿಂಗ್ ಕೋಣೆಯಲ್ಲಿ ನಾವು ಮೂವರು ಹೆಂಗಸರು ಒಂದೇ ಮೈಕಿನ ಮುಂದೆ ನಿಂತಿದ್ದೇವೆ. ಹಿಂದೆ ಕಕ್ಕಸಿನ ಬಾಗಿಲ ಹತ್ತಿರ ಅಮ್ಮ. ಹೂಳುವಾಗ ತೊಡಿಸಿದ ಅದೇ ಬಿಳಿ ಅಂಗಿ, ಬಿಳಿ ಕೈಗವಸು. ‘ಅಮ್ಮಾ, ಇಲ್ಲಿಗ್ಯಾಕೆ ಬಂದೆ?’ ಅಂದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಅನ್ನುತ್ತಾಳೆ. ಕೆಂಪು ದೀಪ ಹತ್ತುತ್ತದೆ. ಬಾಯಿ ತೆರೆದರೆ ನನ್ನ ಬಾಯೊಳಗೆ ಆಸ್ಪತ್ರೆಯ ದುಪ್ಪಟಿ, ಇಸ್ತ್ರಿ ಮಾಡಿದ್ದು. ಎಳೆದಷ್ಟೂ ಬರುತ್ತಲೇ ಇದೆ. ಎದ್ದು ಒಲೆ ಆರಿದೆಯಾ ಅಂತ ಎರಡು ಸಲ ನೋಡಿ ಬಂದೆ.

ಈ ಪುಸ್ತಕ ಮೇ ಹೆಲೆನ್ ಕೊಟ್ಟದ್ದು. ನಾನು ಕೆಲಸ ಮಾಡೋ ಆಸ್ಪತ್ರೆ ಲಾಂಡ್ರಿಯಲ್ಲಿ ನನ್ನ ಪಕ್ಕದ ಇಸ್ತ್ರಿ ಮಿಷನ್ ಅವಳದು, ಹಾಡುವಾಗಲೂ ಪಕ್ಕದಲ್ಲೇ. ‘ನಿನ್ನ ಚಿಂತೆ ಕೇಳಿ ಕೇಳಿ ನನ್ನ ಕೂದ್ಲು ಉದುರ್ತಿದೆ ಕಣೆ ಓಜೆಲ್ಲಾ, ಇನ್ಮೇಲೆ ಪುಸ್ತಕದ ಹತ್ರ ಹೇಳ್ಕೋ’ ಅಂದಳು. ಐದನೇ ತರಗತಿಗೆ ಸ್ಕೂಲು ಬಿಟ್ಟವಳು ನಾನು, ಅದಕ್ಕೂ ಮುಂಚೆ ಹತ್ತಿ ಬಿಡಿಸೋ ತಿಂಗಳುಗಳಲ್ಲಿ ಹೋಗಿದ್ದೇ ಇಲ್ಲ. ತಪ್ಪಿದ್ದರೆ ಇರಲಿ. ಓದೋಳು ನಾನೊಬ್ಬಳೇ.

ವಿಷಯ ಇಷ್ಟು. ಹೋದ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಕ್ಲಿಯೋಟಿಸ್ ವ್ಯಾನ್ ಅನ್ನೋ ಹಾಡುಗಾರನ ಹಾಡಿಗೆ ಹಿಂದೆ ದನಿ ಕೊಡೋಕೆ ಹೋಗಿದ್ದೆವು. ಹಾಡಿನ ಹೆಸರು ‘ಬಸ್ಸಿಗಿನ್ನೂ ಹೊತ್ತಿದೆ’. ಬಿಟ್ಟು ಹೊರಟವಳನ್ನ ಬಸ್ ಸ್ಟಾಪಿನಲ್ಲಿ ನಿಲ್ಲಿಸಿಕೊಂಡು ಬೇಡಿಕೊಳ್ಳೋ ಗಂಡಸಿನ ಹಾಡು, ಅಷ್ಟೆ. ಆದರೆ ಆರ್ಗನ್ ಚರ್ಚಿನ ಥರವೇ. ಡ್ರಮ್ಮಿನವನು ಪೆಟ್ಟನ್ನ ಒಂದು ಕೂದಲೆಳೆಯಷ್ಟು ತಡ ಮಾಡಿ ಹಾಕ್ತಾನೆ, ಕೇಳೋರ ಎದೆ ಅಷ್ಟು ಹೊತ್ತು ಕಾದು ನಿಲ್ಲಬೇಕು. ಕಾಗದದಲ್ಲಿ ಏನೂ ಬರೆದಿರಲಿಲ್ಲ. ಗಿಟಾರಿನವನು ಬಾಯಲ್ಲೇ ಹೇಳಿಕೊಟ್ಟ. ಕಕ್ಕಸಿನೊಳಗೆ ಒಂದು ಸ್ಪೀಕರು, ಒಂದು ಮೈಕು ಇಟ್ಟಿದ್ದಾರೆ. ನಮ್ಮ ದನಿ ಅಲ್ಲಿಗೆ ಹೋಗಿ ಗೋಡೆಗೆ ಬಡಿದು ಬಾವಿಯಿಂದ ಬಂದ ಹಾಗೆ ವಾಪಸ್ ಬರುತ್ತೆ. ಆ ಹೊತ್ತಿನಲ್ಲಿ ಒಳಗೆ ಯಾರೂ ಹೋಗೋ ಹಾಗಿಲ್ಲ.

ಆರನೇ ಸಲಕ್ಕೆ ಸರಿಯಾಯಿತು. ಟೇಪ್ ನೋಡಿಕೊಳ್ಳೋ ಮಿಸ್ಟರ್ ಹಾಲ್ಕಂಬ್ ತಿರುಗಿ ಹಾಕಿ ಕೇಳಿಸಿದರು. ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ, ಹಾಡು ಕರಗುತ್ತಾ ಹೋಗುವಾಗ, ಒಂದು ಮುಲುಕು. ಎಲ್ಲರೂ ನನ್ನ ಕಡೆ ತಿರುಗಿದರು.

ನಮ್ಮ ಚರ್ಚಿನಲ್ಲಿ ಡೀಕನ್, ಅಂದರೆ ಸಭೆಯ ಹಿರಿಯರು, ಒಂದು ಸಾಲು ಎತ್ತಿ ಹೇಳ್ತಾರೆ, ಸಭೆ ಅದನ್ನ ಎಳೆದು ಹಾಡುತ್ತೆ. ಸಾಲುಗಳು ಮುಗಿದ ಮೇಲೆ ಮಾತು ಬಿಟ್ಟು, ತುಟಿ ಮುಚ್ಚಿ, ಎದೆಯಿಂದ ಬರೀ ರಾಗ ಎಳೆಯೋದು. ಅದು ಮುಲುಕು. ಒಬ್ಬೊಬ್ಬರದು ಒಂದೊಂದು, ರಸ್ತೆಯಲ್ಲಿ ನಿಂತೇ ಯಾರದು ಅಂತ ಹೇಳಬಹುದು. ಟೇಪಿನಲ್ಲಿದ್ದದ್ದು ನಮ್ಮಮ್ಮ ವರ್ಸಿಯದು. ಮೂರು ಮೆಟ್ಟಿಲು ಹತ್ತಿ, ಅಲ್ಲಿ ನಿಂತು, ಇನ್ನೇನು ಬಿದ್ದೇಬಿಟ್ಟಿತು ಅನ್ನುವಾಗ ಮೆತ್ತಗೆ ಇಳಿಯೋದು. ಅಮ್ಮ ಹೋಗಿ ಎರಡು ವರ್ಷ.

ನಾನೇ ಮಾಡಿರಬೇಕು. ಕಣ್ಣು ಮುಚ್ಚಿದ್ದೆ, ನೆನಪಿಲ್ಲ.

‘ಅದನ್ನ ತೆಗೆದುಬಿಡಿ ಸರ್’ ಅಂದೆ. ‘ಮಿಸ್ ಓಜೆಲ್ಲಾ, ತೆಗೆದ್ರೆ ಕ್ಲಿಯೋಟಿಸ್ ನನ್ನ ಕೊಲ್ತಾನೆ, ಇಟ್ರೆ ನೀವು. ನನಗೆ ನಿಮ್ಮ ಕೈಯಲ್ಲಿ ಸಾಯೋದೇ ವಾಸಿ’ ಅಂದು ನಕ್ಕರು.

ಅಪ್ಪ ಕೇಳಿಸಿಕೊಂಡರೆ ಏನು ಗತಿ? ನಲವತ್ತು ವರ್ಷ ಅಪ್ಪ, ಅಂದರೆ ಡೀಕನ್ ಲೂಶಸ್, ಸಾಲು ಎತ್ತಿದರೆ ಅಮ್ಮನ ಮುಲುಕು ಅದಕ್ಕೆ ಉತ್ತರ. ಅವಳು ಹೋದ ಮೇಲೆ ಅಪ್ಪ ಒಂದು ಸಾಲೂ ಎತ್ತಿಲ್ಲ, ಮುಂದಿನ ಬೆಂಚಿನಲ್ಲಿ ಟೋಪಿ ಹಿಡಿದು ಕೂತಿರುತ್ತಾರೆ. ನಾನು ಶನಿವಾರ ಹೆಚ್ಚಿನ ಪಾಳಿ ಮಾಡ್ತೀನಿ ಅಂತಲೇ ಅವರು ತಿಳಿದಿರೋದು.

೨೨ ಮಾರ್ಚ್, ಮಂಗಳವಾರ

ನಮ್ಮ ಹಾಡು ರೇಡಿಯೋದಲ್ಲಿ ಬಂತು. ರೇಡಿಯೋದಲ್ಲಿ ಹಾಡು ಹಾಕೋ ಟಾಲಿವರ್ ಕೊನೆ ಬರೋದಕ್ಕೆ ಮುಂಚೆಯೇ ಬಾಯಿ ಹಾಕಿ ಮೀನಿನಂಗಡಿ ಜಾಹೀರಾತು ಓದಿದ. ರೇಡಿಯೋದವರೆಲ್ಲ ಹಾಗೇ, ಹಾಡಿನ ಬಾಲದ ಮೇಲೆ ಮಾತಾಡ್ತಾರೆ. ದೇವರೇ, ಟಾಲಿವರ್ ನಾಲಿಗೆ ಹೀಗೇ ಉದ್ದ ಇರಲಿ.

೧ ಏಪ್ರಿಲ್, ಶುಕ್ರವಾರ

ಮುಗಿಯಿತು. ಇವತ್ತು ಟಾಲಿವರ್ ಮಾತಾಡಲಿಲ್ಲ. ಲಾಂಡ್ರಿಯಲ್ಲಿ ರೇಡಿಯೋ ಹಾಕಿದ್ದರು, ಕೊನೆಯವರೆಗೂ ಬಂತು. ಆಮೇಲೆ ‘ಆ ಕೊನೇದು ಯಾರು ಜನಗಳೇ? ನನ್ನಜ್ಜಿ ಅಡುಗೆಮನೆಯಿಂದ ಬಂದ ಹಾಗಿತ್ತಲ್ಲ!’ ಅಂದು ಸೂಜಿಯನ್ನ ಹಿಂದಕ್ಕೆಳೆದು ಬರೀ ಆ ಇಪ್ಪತ್ತು ಸೆಕೆಂಡನ್ನ ಮತ್ತೆ ಹಾಕಿದ. ಮತ್ತೊಂದು ಸಲ ಹಾಕಿದ. ಬಾಯ್ಲರಿನ ಹತ್ತಿರದ ದಪ್ಪ ಹೆಂಗಸು ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಮೇ ಹೆಲೆನ್ ನನ್ನ ಪಕ್ಕೆಗೆ ತಿವಿದಳು. ನಾನು ದುಪ್ಪಟಿ ಮಡಚುತ್ತಲೇ ಇದ್ದೆ. ಒಂದೇ ದುಪ್ಪಟಿಯನ್ನ ನಾಲ್ಕು ಸಲ ಬಿಚ್ಚಿ ಮಡಚಿದೆ ಅಂತ ಆಮೇಲೆ ಅವಳು ಹೇಳಿದಳು.

೬ ಏಪ್ರಿಲ್, ಬುಧವಾರ

ಕ್ಷೌರದಂಗಡಿಯಲ್ಲಿ, ಮೀನಿನಂಗಡಿಯಲ್ಲಿ, ಬಾಗಿಲು ತೆರೆದ ಪ್ರತಿ ಮನೆಯಲ್ಲಿ ಅದೇ. ಶಿಕಾಗೋದಲ್ಲಿ ಜನ ಅಂಗಡಿಗೆ ಬಂದು ‘ಕೊನೇಲಿ ಹೆಂಗಸು ಅಳ್ತಾಳಲ್ಲ, ಆ ಹಾಡಿನ ಪ್ಲೇಟು ಕೊಡಿ’ ಅಂತಾರಂತೆ. ಒಂದು ಪತ್ರಿಕೆಯವನು ಬರೆದಿದ್ದಾನೆ: ಕ್ಲಿಯೋಟಿಸ್ ಹಾಡು ಚೆನ್ನಾಗಿದೆ, ಆದರೆ ಅಂಥವು ತಿಂಗಳಿಗೆ ಹತ್ತು ಬರ್ತವೆ. ಕೊನೆಯದರಂಥದ್ದು ಮಾತ್ರ ಇದುವರೆಗೆ ಬಂದಿಲ್ಲ, ಅದನ್ನ ಪ್ರೇಮದ ಹಾಡಿನಲ್ಲಿ ಇಟ್ಟದ್ದು ಸರಿಯೇ ಅಂತ ನನಗೆ ಗೊತ್ತಾಗ್ತಿಲ್ಲ. ನನಗೂ ಗೊತ್ತಾಗ್ತಿಲ್ಲ ಕಣಪ್ಪ.

ಕ್ಲಿಯೋಟಿಸ್ ಲಾಂಡ್ರಿ ಗೇಟಿನ ಹತ್ತಿರ ಸಿಕ್ಕಿದ, ಹೊಸ ಕೋಟು. ‘ಎರಡೂವರೆ ನಿಮಿಷ ಗಂಟಲು ಹರ್ಕೊಂಡೋನು ನಾನು. ಜನ ಕೇಳೋದು ನೀನು ಮೂಗಲ್ಲಿ ಹೂಂ ಅಂದ್ಯಲ್ಲ, ಅದನ್ನ! ಊರೂರು ಸುತ್ತೋದಿದೆ, ಜೊತೆಗೆ ಬಾ. ಎಲ್ಲಾ ಊರಲ್ಲೂ ಅದನ್ನೇ ಕೇಳ್ತಾರೆ.’

‘ಬೇಕು ಅಂದಾಗ ಬರಲ್ಲ ಅದು’ ಅಂದೆ.

‘ಹಾಗಾದ್ರೆ ಬರೋ ಹಾಗೆ ಮಾಡ್ಕೋ ತಾಯಿ’ ಅಂದ.

೧೦ ಏಪ್ರಿಲ್, ಈಸ್ಟರ್ ಭಾನುವಾರ

ಅಪ್ಪ ಕೇಳಿಸಿಕೊಂಡರು.

ಚರ್ಚು ಮುಗಿಸಿ ಬರುವಾಗ ಮೂಲೆಯ ಮನೆಯ ಕಿಟಕಿಯಿಂದ. ಅಪ್ಪನ ಕೈ ನನ್ನ ತೋಳಿನ ಮೇಲಿತ್ತು. ನಾನು ಬೇಗ ಬೇಗ ನಡೆದೆ, ಅವರು ನಡೆಯಲಿಲ್ಲ. ಹಾಡು ಮುಗಿದು ಬೇರೆ ಹಾಡು ಶುರುವಾದರೂ ಅಲ್ಲೇ ನಿಂತಿದ್ದರು. ಬಯ್ತಾರೆ ಅಂದುಕೊಂಡೆ, ಬಯ್ಯಲಿಲ್ಲ. ‘ಅವಳು ಎಲ್ಲಿಂದ ಕರೀತಿದ್ದಾಳೆ?’ ಅಂದರು. ಅಷ್ಟೇ.

ಹೇಳಬೇಕಿತ್ತು, ಅದು ನಾನಪ್ಪ ಅಂತ. ಅವರ ತೋಳು ಹಿಡಿದು ಮನೆಗೆ ಕರಕೊಂಡು ಬಂದೆ.

೧೪ ಏಪ್ರಿಲ್, ಗುರುವಾರ

ಕೆಲಸದಿಂದ ಬಂದಾಗ ಅಪ್ಪ ಮುಂದಿನ ಜಗುಲಿಯಲ್ಲಿ ಕೂತಿದ್ದರು. ಭಾನುವಾರದ ಕಪ್ಪು ಶೂ ಹಾಕಿ, ಲಾಡಿ ಕಟ್ಟಿ, ಟೋಪಿ ಮೊಣಕಾಲ ಮೇಲೆ. ಪಕ್ಕದಲ್ಲಿ ರೇಡಿಯೋ. ಎಲ್ಲಿಗಾದರೂ ಹೊರಟಿದ್ದೀರಾ ಅಂದೆ.

‘ಕರೀತಾಳಲ್ಲ. ಸಿದ್ಧವಾಗಿರೋದು ಬೇಡ್ವೇ?’

ಮಜ್ಜಿಗೆಗೆ ಮೆಕ್ಕೆಜೋಳದ ರೊಟ್ಟಿ ಮುರಿದು ಹಾಕಿ ಇಟ್ಟಿದ್ದೆ. ಮುಟ್ಟಿರಲಿಲ್ಲ.

೨೧ ಏಪ್ರಿಲ್, ಗುರುವಾರ

ಎಂಟು ದಿನದಿಂದ ನಾಲ್ಕು ತುತ್ತಿನ ಮೇಲೆ ತಿಂದಿಲ್ಲ. ಬೆಲ್ಟಿಗೆ ಹೊಸ ತೂತು ಮಾಡಿಕೊಟ್ಟೆ. ಡಾಕ್ಟರ್ ಬಂದು ಎದೆ ನೋಡಿ ‘ರೋಗ ಏನೂ ಇಲ್ಲ ಓಜೆಲ್ಲಾ, ಮನುಷ್ಯ ಮನಸ್ಸು ಮಾಡಿಬಿಟ್ಟಿದ್ದಾನೆ. ಈ ವಯಸ್ಸಲ್ಲಿ ಹಾಗೆ ಮಾಡಿದೋರು ಹೂವು ಅರಳೋ ಕಾಲ ದಾಟಲ್ಲ’ ಅಂದರು. ರೇಡಿಯೋ ಹಾಡದೇ ಇರಲಿ ಅಂತ ನಾನು ಅದರ ಒಳಗಿನ ಬಲ್ಬೊಂದು ಕಿತ್ತಿಟ್ಟೆ. ಅಪ್ಪ ಬೈಯಲಿಲ್ಲ, ಕೋಲೂರಿಕೊಂಡು ಪಕ್ಕದ ಮನೆಯ ಕಿಟಕಿಯ ಕೆಳಗೆ ಹೋಗಿ ನಿಂತರು. ಬಲ್ಬು ವಾಪಸ್ ಹಾಕಿದೆ.

ಅಮ್ಮನ ಮುಲುಕನ್ನ ಹೊರಗೆ ತಂದವಳು ನಾನು. ಅಪ್ಪನಿಗೆ ಏನಾದರೂ ಆದರೆ ಅದು ಮಾಡಿದ್ದು ನಾನೇ.

೮ ಮೇ, ತಾಯಂದಿರ ಭಾನುವಾರ

ತಾಯಿ ಇದ್ದವರು ಕೆಂಪು ಹೂ, ಇಲ್ಲದವರು ಬಿಳಿ ಹೂ ಮುಡಿದು ಚರ್ಚಿಗೆ ಹೋಗೋ ದಿನ. ನಾನು ಅಂಗಿಗೆ ಬಿಳಿ ಚುಚ್ಚಿಕೊಳ್ತಿದ್ದೆ. ಅಪ್ಪ ಹಿಂದಿನಿಂದ ಬಂದು ಅದನ್ನ ಬಿಚ್ಚಿ, ತಾವು ತಂದ ಕೆಂಪು ಹೂ ಚುಚ್ಚಿದರು. ಗುಂಡುಸೂಜಿ ನನಗೇ ಚುಚ್ಚಿತು.

‘ದಿನಕ್ಕೆ ಹತ್ತು ಸಲ ದನಿ ಕೇಳಿಸೋಳಿಗೆ ಬಿಳಿ ಹಾಕ್ತಾರೇನೇ?’

ಕೆಂಪಿನಲ್ಲೇ ಹೋದೆ. ಸಿಸ್ಟರ್ ಲೋರೀನ್, ಚರ್ಚಿನಲ್ಲಿ ನಾವು ಹೆಂಗಸರೆಲ್ಲ ಸಿಸ್ಟರೇ, ಬೆಂಚಿನಿಂದ ಬೆಂಚಿಗೆ ಪಿಸುಗುಟ್ಟಿದಳು. ಪಾಸ್ಟರ್ ಬಂದು ಕೈ ಕುಲುಕಿ, ಹೂ ನೋಡಿ, ‘ಸಿಸ್ಟರ್ ಓಜೆಲ್ಲಾ, ದೇವರ ಮನೆಯ ಸಾಮಾನನ್ನ ಕುಡಿಯೋ ಅಂಗಡಿಗೆ ತಗೊಂಡು ಹೋದ್ರೆ ಅದು ಮನೆ ದಾರಿ ಮರೆಯುತ್ತೆ’ ಅಂದರು. ಅವರಿಗೆ ಗೊತ್ತು ಅಂತಾಯಿತು. ಎಲ್ಲರಿಗೂ ಗೊತ್ತು. ಅಪ್ಪನಿಗೊಬ್ಬರಿಗೇ ಗೊತ್ತಿಲ್ಲ.

೯ ಮೇ, ಸೋಮವಾರ

ಹೇಳಿದೆ. ಶೂ ಲಾಡಿ ಕಟ್ಟೋಕೆ ಅವರ ಕಾಲ ಹತ್ತಿರ ಕೂತಿದ್ದೆ, ಮುಖ ನೋಡಬೇಕಾಗಿರಲಿಲ್ಲ. ‘ಅಪ್ಪ, ಅದು ಅಮ್ಮ ಅಲ್ಲ. ನಾನು. ಶನಿವಾರಗಳಲ್ಲಿ ಪಾಳಿಗೆ ಹೋಗ್ತಿರಲಿಲ್ಲ. ದುಡ್ಡಿಗೆ ಹಾಡ್ತಿದ್ದೆ.’

ಅಪ್ಪ ನಕ್ಕರು. ಎರಡು ವರ್ಷದಲ್ಲಿ ಮೊದಲ ಸಲ. ‘ನೀನು? ಕೋಳಿಗೂಡಿನ ಬೀಗ ಎರಡು ಸಲ ನೋಡೋಳು, ನೀನು ಅಷ್ಟು ಎತ್ತರದಿಂದ ದನಿ ಬಿಡ್ತೀಯಾ? ಹೋಗೆ.’

‘ಸತ್ಯವಾಗ್ಲೂ ಅಪ್ಪ.’

‘ಹಾಗಾದ್ರೆ ಭಾನುವಾರ ತೋರಿಸು. ನಾನು ಸಾಲು ಎತ್ತುತ್ತೀನಿ. ನೀನು ಉತ್ತರ ಕೊಡು.’

ನಂಬಿದರೆ ಊಟ ಮಾಡ್ತಾರೆ, ಬದುಕ್ತಾರೆ. ನಂಬದಿದ್ದರೆ ಶೂ ಹಾಕಿಕೊಂಡೇ ಹೊರಡ್ತಾರೆ. ಆರು ದಿನ ಇದೆ. ಅಮ್ಮ ಹೋದ ದಿನವೂ ಮುಲುಕದವಳು ನಾನು. ಗೋರಿಯ ಹತ್ತಿರ ಎಲ್ಲರೂ ಎತ್ತಿದರು, ನಾನು ಕರವಸ್ತ್ರ ಕಚ್ಚಿಕೊಂಡು ನಿಂತಿದ್ದೆ.

೧೨ ಮೇ, ಗುರುವಾರ

ಬರ್ತಿಲ್ಲ. ಲಾಂಡ್ರಿಯ ಹಬೆಯಲ್ಲಿ ಪ್ರಯತ್ನ ಪಟ್ಟೆ. ‘ಹಲ್ಲುನೋವಾ?’ ಅಂದಳು ಮೇ ಹೆಲೆನ್.

೧೫ ಮೇ, ಭಾನುವಾರ

ನಿಧಾನವಾಗಿ ಬರೀತೀನಿ, ಒಂದೂ ಬಿಡಬಾರದು.

ಪ್ರಾರ್ಥನೆ ಆದ ಮೇಲೆ ಅಪ್ಪ ಬೆಂಚು ಹಿಡಿದು ಎದ್ದರು. ಇಡೀ ಚರ್ಚು ಬೀಸಣಿಗೆ ನಿಲ್ಲಿಸಿತು. ಅಪ್ಪನ ಕೋಟು ಹೆಗಲಿನಿಂದ ಜಾರೋ ಹಾಗೆ ಇತ್ತು, ಅಷ್ಟು ಇಳಿದಿದ್ದಾರೆ. ಸಾಲು ಎತ್ತಿದರು. ದನಿ ಒಡೆದಿತ್ತು, ಆದರೂ ಅದೇ ದನಿ. ಸಭೆ ಎಳೆಯಿತು. ಎರಡನೇ ಸಾಲು. ಮೂರು. ನಾಲ್ಕು. ಮಾತುಗಳು ಮುಗಿದು ಎಲ್ಲರ ತುಟಿ ಮುಚ್ಚಿಕೊಂಡಿತು. ಅಪ್ಪ ನನ್ನ ಕಡೆ ತಿರುಗಲಿಲ್ಲ, ಕಿವಿ ಮಾತ್ರ ತಿರುಗಿಸಿದರು.

ಬಂತು. ಎಲ್ಲಿಂದ ಅಂತ ಗೊತ್ತಿಲ್ಲ. ಮೂರು ಮೆಟ್ಟಿಲು ಹತ್ತಿತು, ನಿಂತಿತು, ಬೀಳಲಿಲ್ಲ, ಇಳಿಯಿತು. ಸಿಸ್ಟರ್ ಲೋರೀನ್ ‘ವರ್ಸೀ!’ ಅಂತ ಕೂಗಿ ಎದ್ದು ನಿಂತಳು. ಇಬ್ಬರು ಹೆಂಗಸರು ಅವಳನ್ನ ಹಿಡಿದುಕೊಂಡರು. ಇಷ್ಟು ಹಗುರ ನಾನು ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದು ಅಪ್ಪ ಶೂ ಬಿಚ್ಚಿದರು. ತಾವಾಗೇ. ಮಂಚದ ಕೆಳಗೆ ತಳ್ಳಿದರು. ‘ಹಸಿವಾಗ್ತಿದೆ ಕಣೆ’ ಅಂದರು. ಸೊಪ್ಪು, ಎಲುಬಿನ ಸಾರು, ಎರಡು ರೊಟ್ಟಿ. ನಾನು ಅಳ್ತಾ ಬಡಿಸಿದೆ. ‘ನಂಬಿದ್ರಲ್ಲ ಅಪ್ಪ?’ ಅಂದೆ.

‘ಏನು ನಂಬೋದು?’

‘ಅದು ನಾನು ಅಂತ.’

ಅಪ್ಪ ಎಲುಬು ಚೀಪಿ ತಟ್ಟೆಯಲ್ಲಿಟ್ಟರು. ‘ಇವತ್ತಿಂದು ನೀನು. ಚೆನ್ನಾಗಿತ್ತು. ನಿಮ್ಮಮ್ಮನಿಗೆ ಎಷ್ಟೋ ಹತ್ರ ಬಂದೆ. ಆದ್ರೆ ನೀನು ಹತ್ತೋದಕ್ಕೆ ಮುಂಚೆ ಉಸಿರು ಎಳ್ಕೋತೀಯ, ಕೇಳಿಸುತ್ತೆ. ಚಿಕ್ಕೋಳಿದ್ದಾಗಿಂದ್ಲೂ ಹಾಗೇ, ಹೆದರಿದೋರ ಉಸಿರು. ವರ್ಸಿ ಉಸಿರು ನಲವತ್ತು ವರ್ಷದಲ್ಲಿ ನಾನು ಕೇಳಿಲ್ಲ. ಪ್ಲೇಟಿನಲ್ಲೂ ಇಲ್ಲ.’

‘ಹಾಗಾದ್ರೆ ಪ್ಲೇಟಿನಲ್ಲಿರೋದು...’

‘ಅವಳೇ. ಆದ್ರೆ ಈಗ ಅರ್ಥವಾಯ್ತು, ಅವಳು ಕರೀತಿರೋದು ನನ್ನನ್ನಲ್ಲ. ನಿನ್ನ ಪಕ್ಕ ಬಂದು ನಿಂತಿದ್ದಾಳೆ, ಅಷ್ಟೆ. ನನಗೇನೂ ಅವಸರ ಇಲ್ಲ. ಇನ್ನೊಂದು ರೊಟ್ಟಿ ಹಾಕು.’

೧೬ ಮೇ, ಸೋಮವಾರ

ಅಪ್ಪ ಬೆಳಿಗ್ಗೆ ಮೊಟ್ಟೆ ತಿಂದು ಟೊಮೆಟೊ ಪಾತಿ ಕೆದಕಿದರು. ದೇವರು ದೊಡ್ಡವನು. ಭಾರ ಇಳಿಯಿತು.

ಕ್ಲಿಯೋಟಿಸ್ ಕೊಟ್ಟ ಪ್ಲೇಟನ್ನ ಗ್ರಾಮಫೋನಿಗೆ ಹಾಕಿ ಕೇಳಿದೆ. ಬರೀ ಉಸಿರಿಗೋಸ್ಕರ. ಸರಿಯಾಗಿ ಆ ಜಾಗದಲ್ಲೇ ಕಹಳೆಗಳು ಬರ್ತವೆ. ಕೇಳಿಸೋದಿಲ್ಲ.

೧೯ ಮೇ, ಗುರುವಾರ

ಹನ್ನೊಂದು ಸಲ. ಕೇಳಿಸೋದಿಲ್ಲ.

೨೪ ಮೇ, ಮಂಗಳವಾರ

ಮೇ ಹೆಲೆನ್‌ಳನ್ನ ಕೇಳಿದೆ: ಆವತ್ತು ಮೈಕಿನ ಮುಂದೆ ನನ್ನ ಬಾಯಿ ನೋಡಿದ್ಯಾ? ‘ನಾನೂ ಕಣ್ಣು ಮುಚ್ಚಿದ್ದೆ ಕಣೆ. ಹಾಡೋರು ಯಾರು ಕಣ್ಣು ಬಿಡ್ತಾರೆ?’ ಮೂರನೆಯವಳು ಡೊರೀತಾ. ಅವಳೂ ಅದನ್ನೇ ಅಂದಳು. ಆದರೆ ತನ್ನ ಬಲಗಡೆಯಿಂದ ಕೇಳಿಸಿತು ಅಂದಳು. ನಾನು ಬಲಗಡೆಯೇ ಇದ್ದೆ. ಹಾಗಿದ್ದರೆ ನಾನೇ. ಆದರೆ ಕಕ್ಕಸಿನ ಬಾಗಿಲೂ ಬಲಗಡೆಯೇ.

‘ನಿನಗೆ ನಿದ್ದೆ ಆಗ್ತಿಲ್ಲ ಅಂತ ಕಣ್ಣೇ ಹೇಳುತ್ತೆ. ನಿಮ್ಮಪ್ಪ ಸುಧಾರಿಸಿದ್ರಲ್ಲ, ಇನ್ನೇನೇ ನಿಂಗೆ?’ ಅಂದಳು ಮೇ ಹೆಲೆನ್. ಏನೂ ಇಲ್ಲ, ಒಂದು ಸಣ್ಣ ವಿಷಯ ಇತ್ಯರ್ಥ ಆಗಬೇಕು ಅಂದೆ.

೨೮ ಮೇ, ಶನಿವಾರ

ರೆಕಾರ್ಡಿಂಗ್ ಕೋಣೆಗೆ ಹೋಗಿದ್ದೆ. ಟೇಪಿನಲ್ಲಿ ನಮ್ಮ ದನಿ ಬೇರೆ ಪಟ್ಟಿಯಲ್ಲಿ ಇರುತ್ತಂತೆ, ಕಹಳೆ ಮುಚ್ಚಿ ಅದೊಂದನ್ನೇ ಕೇಳಬಹುದಂತೆ. ಮಿಸ್ಟರ್ ಹಾಲ್ಕಂಬ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿದರು. ನನಗೆ ಕೊಡಲಿಲ್ಲ, ಒಳಗೆ ಬೇರೆಯವರ ಹಾಡು ನಡೀತಿತ್ತು, ಫೋನು ಬೇರೆ ಹೊಡ್ಕೊಳ್ತಿತ್ತು. ‘ಇದೆ ಅನ್ಸುತ್ತೆ ಮಿಸ್ ಓಜೆಲ್ಲಾ’ ಅಂದರು. ಅನ್ಸುತ್ತೆ ಅಂದರೆ? ‘ಇರ್ಬೇಕು. ಉಸಿರಾಡದೆ ಯಾರು ಹಾಡ್ತಾರೆ?’

ಬರುವಾಗ ಕಕ್ಕಸಿನ ಬಾಗಿಲು ತೆರೆದು ನೋಡಿದೆ. ಸ್ಪೀಕರು, ಮೈಕು, ಒಂದು ಪೊರಕೆ. ಸ್ವಲ್ಪ ಹೊತ್ತು ಒಳಗೆ ನಿಂತಿದ್ದೆ. ತಂಪಾಗಿತ್ತು.

೨ ಜೂನ್, ಗುರುವಾರ

ಬೀನ್ಸ್ ಸೀದು ತಳ ಹಿಡಿದಿತ್ತು. ಅಪ್ಪ ಒಲೆ ಆರಿಸಿದರಂತೆ. ನಾನು ಪ್ಲೇಟಿನ ಹತ್ತಿರ ಇದ್ದೆ. ‘ಅದನ್ನ ನಿಲ್ಸೆ ಮಗಳೇ, ಬಂದು ಎರಡು ತುತ್ತು ತಿನ್ನು’ ಅಂದರು. ಆಮೇಲೆ ತಿಂತೀನಿ ಅಂದೆ. ತಿಂದೆನೋ ಇಲ್ಲವೋ. ಅಪ್ಪನಿಗೆ ಈಗ ಬರೀ ಮಾತು, ಅಕ್ಕಪಕ್ಕದವರ ಜೊತೆ ತಮಾಷೆ. ಹಳೆಯ ಬೆಲ್ಟ್ ತೂತಿಗೆ ವಾಪಸ್ ಬಂದಿದ್ದಾರೆ. ನನ್ನ ಪಾವಡೆಗೆ ಎರಡು ಪಿನ್ನು ಹಾಕಿಕೊಂಡೆ, ಲಾಂಡ್ರಿಯಲ್ಲಿ ಹಿಗ್ಗಿರಬೇಕು.

೫ ಜೂನ್, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಉಸಿರು ಕೇಳಿಸದ ಹಾಗೆ ಶುರು ಮಾಡೋದನ್ನ ಅಭ್ಯಾಸ ಮಾಡಿದೆ. ಎದೆಯಲ್ಲಿ ಉಳಿದ ಗಾಳಿಯಲ್ಲೇ ಮೂರು ಮೆಟ್ಟಿಲೂ ಹತ್ತಬೇಕು. ಒಂಬತ್ತನೇ ಸಲ ಬಹಳ ಚೆನ್ನಾಗಿ ಬಂತು, ಆಮೇಲೆ ಕಣ್ಣು ಕತ್ತಲಾಗಿ ಎದ್ದಾಗ ನೆಲದ ಮೇಲಿದ್ದೆ. ಚಾಪೆ ಜಾರಿರಬೇಕು. ಅಪ್ಪ ಚರ್ಚಿನಿಂದ ಬಂದು ಹಣೆಗೆ ಒದ್ದೆ ಬಟ್ಟೆ ಹಾಕಿದರು. ‘ನಾನು ಅಲ್ಲಿಂದ ತಿರುಗಿ ಬಂದೋನು, ದಾರಿ ಗೊತ್ತು. ನೀನು ಆ ಕಡೆ ಹೋಗ್ಬೇಡ’ ಅಂದರು. ಅಪ್ಪನಿಗೆ ವಯಸ್ಸಾಯಿತು, ಏನೇನೋ ಅಂತಾರೆ.

೭ ಜೂನ್, ಮಂಗಳವಾರ

ಲಾಂಡ್ರಿಗೆ ಹೋಗಿ ಮೂರು ದಿನ ಆಯಿತು ಅಂತ ಮೇ ಹೆಲೆನ್ ಬಂದು ಹೇಳಿದಳು. ಎರಡು ಅಂದುಕೊಂಡಿದ್ದೆ.

ಕಾಗದ ಬರೆದೆ. ಕಳಿಸೋ ಮುಂಚೆ ಇಲ್ಲಿ ಇಳಿಸಿಕೊಳ್ತೀನಿ, ತಪ್ಪಿದ್ದರೆ ತಿದ್ದೋಕೆ.

‘ಮಿಸ್ಟರ್ ಹಾಲ್ಕಂಬ್ ಅವರಿಗೆ. ತೊಂದರೆ ಕೊಡ್ತಿದ್ದೀನಿ, ಮನ್ನಿಸಿ. ನಮ್ಮಪ್ಪ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೀನಿ. ದುಡ್ಡು ಕೇಳೋಕೆ ಬರೀತಿಲ್ಲ, ಹೆಸರು ಹಾಕಿ ಅಂತಲೂ ಅಲ್ಲ. ಕ್ಲಿಯೋಟಿಸ್ ಜೊತೆ ಹೋಗಲ್ಲ ಅಂತ ತಿಳಿಸಿ. ಆವತ್ತು ನೀವು ಇದೆ ಅನ್ಸುತ್ತೆ ಅಂದ್ರಿ, ಆದ್ರೆ ಫೋನು ಹೊಡ್ಕೊಳ್ತಿತ್ತು. ದಯವಿಟ್ಟು ಯಾರೂ ಇಲ್ಲದ ಹೊತ್ತಿನಲ್ಲಿ, ಬಾಗಿಲು ಹಾಕ್ಕೊಂಡು, ಕಹಳೆ ಆರ್ಗನ್ ಎಲ್ಲಾ ಮುಚ್ಚಿ ನಮ್ಮ ಪಟ್ಟಿ ಒಂದನ್ನೇ ಹಾಕಿ. ಕೊನೆಯ ಇಪ್ಪತ್ತು ಸೆಕೆಂಡು. ಇದೆ ಅಂದ್ರೂ ಸರಿ, ಇಲ್ಲ ಅಂದ್ರೂ ಸರಿ, ಅನ್ಸುತ್ತೆ ಅಂತ ಮಾತ್ರ ಬರೀಬೇಡಿ. ಮುಲುಕು ಹತ್ತೋದಕ್ಕೆ ಮುಂಚೆ ಯಾರಾದ್ರೂ ಉಸಿರು ಎಳ್ಕೊಂಡ ಸದ್ದು ಇದೆಯಾ, ಇನ್ನೊಂದು ಸಲ ಕೇಳಿ ನೋಡಿ.’